ಹ್ಯಾಲೋವೀನ್ ರಾತ್ರಿ ಮಕ್ಕಳ ಜೊತೆ ದೆವ್ವದ ಸಿನಿಮಾ: ನಿಲ್ಲಿಸಲೋ, ನಡೆಸಲೋ?

ಪ್ರಶ್ನೆ: ನಾವು ಅಮೆರಿಕದ ಡಲ್ಲಸ್ ಹತ್ತಿರ ಇರುವುದು. ಮಗಳಿಗೆ ಹನ್ನೆರಡು, ಮಗನಿಗೆ ಆರು. ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ಮಕ್ಕಳು ಮನೆಮನೆ ಸುತ್ತಿ ಕ್ಯಾಂಡಿ ತಂದಮೇಲೆ ಮನೆಯವರೆಲ್ಲ ಕೂತು ಒಂದು ಹಾರರ್ ಸಿನಿಮಾ ನೋಡುವುದು ಇಲ್ಲಿ ಎಷ್ಟೋ ಮನೆಗಳಲ್ಲಿ ರೂಢಿ. ನಮ್ಮವರೂ ಮೂರು ವರ್ಷದಿಂದ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಹೋದ ವರ್ಷ ಮಗ ಮಲಗಿದ್ದಾನೆ ಅಂದುಕೊಂಡು ಮಗಳ ಜೊತೆ ನೋಡುತ್ತಿದ್ದೆವು. ಅವನು ಎದ್ದು ಬಂದು ಮೆಟ್ಟಿಲ ಕಂಬಿ ಸಂದಿಯಿಂದ ಐದು ನಿಮಿಷ ನೋಡಿಬಿಟ್ಟಿದ್ದ. ಆಮೇಲೆ ಮೂರು ವಾರ ಬಾತ್‌ರೂಮಿಗೆ ಒಬ್ಬನೇ ಹೋಗಲಿಲ್ಲ. ಈಗಲೂ ಒಳಗೆ ಹೋದವನೇ ಮೊದಲು ಶವರ್ ಪರದೆ ಸರಿಸಿ ನೋಡುತ್ತಾನೆ. ಈ ಸಲ ಅತ್ತೆಯವರು ಹಾಸನದಿಂದ ಬಂದಿದ್ದಾರೆ. 'ದೀಪ ಹಚ್ಚೋ ಹೊತ್ತಲ್ಲಿ ದೆವ್ವದ ಸಿನಿಮಾ ಹಾಕ್ಕೊಂಡು ಕೂರ್ತೀರಲ್ಲ' ಅನ್ನುತ್ತಾರೆ. ನಮ್ಮವರು 'ನೋಡ್ತಾ ನೋಡ್ತಾ ಭಯ ಹೋಗುತ್ತೆ ಬಿಡು' ಅನ್ನುತ್ತಾರೆ. ನಿಲ್ಲಿಸಬೇಕೋ, ಮುಂದುವರಿಸಬೇಕೋ? ಮುಂದುವರಿಸಿದರೆ ಏನು ತೋರಿಸಲಿ?

ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ಆ ಮೆಟ್ಟಿಲ ಹತ್ತಿರವೇ ನಿಂತುಬಿಟ್ಟೆ. ನಿಮ್ಮ ಮಗ ನೋಡಿದ ಐದು ನಿಮಿಷಕ್ಕೆ ಮೊದಲೂ ಇರಲಿಲ್ಲ, ಕೊನೆಯೂ ಇರಲಿಲ್ಲ. ಆ ಕೈ ಯಾರದು, ಆ ಹುಡುಗಿಗೆ ಕಡೆಗೆ ಏನಾಯಿತು, ಬದುಕಿದಳೋ ಇಲ್ಲವೋ, ಅವನಿಗೆ ಒಂದೂ ಗೊತ್ತಿಲ್ಲ. ಪಕ್ಕದಲ್ಲಿ ಅಮ್ಮನ ತೊಡೆ ಇಲ್ಲ. ಮಲಗಿರಬೇಕಾದವನು ಕದ್ದು ನೋಡಿದ್ದರಿಂದ ಬೆಳಗ್ಗೆ ಎದ್ದು ಹೇಳಿಕೊಳ್ಳುವ ಹಾಗೂ ಇಲ್ಲ. ಅದೇ ಸಿನಿಮಾವನ್ನು ಪೂರ್ತಿ ನೋಡಿದ ನಿಮ್ಮ ಮಗಳು ಆವತ್ತು ಹಾಯಾಗಿ ಮಲಗಿರುತ್ತಾಳೆ, ಯಾಕೆಂದರೆ ಅವಳ ಪಾಲಿಗೆ ಕತೆ ಮುಗಿದಿದೆ. ಇವನ ಪಾಲಿಗೆ ಅದು ಇನ್ನೂ ಶವರ್ ಪರದೆಯ ಹಿಂದೆ ನಡೆಯುತ್ತಲೇ ಇದೆ.

ಹಾಗಾಗಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಹೋದ ವರ್ಷದ ಹಾಗೆ ಮಾಡಬೇಡಿ ಅಂತ ಮಾತ್ರ ಹೇಳುತ್ತೇನೆ. ಮಕ್ಕಳ ಮನಸ್ಸಿನ ಕೆಲಸ ಮಾಡುತ್ತಾ ಅಮೆರಿಕದ ಮಿಡ್‌ವೆಸ್ಟಿನಲ್ಲಿ ಹಲವು ವರ್ಷ ಕಳೆದವಳು ನಾನು. ನವೆಂಬರ್ ಮೊದಲ ವಾರ ಬಂತೆಂದರೆ 'ರಾತ್ರಿ ಮಲಗ್ತಾ ಇಲ್ಲ' ಅನ್ನುವ ಫೋನುಗಳು ಶುರುವಾಗುತ್ತಿದ್ದವು. ಒಂದೊಂದನ್ನೂ ಕೆದಕಿ ಕೇಳಿದರೆ ಹೆಚ್ಚಿನವು ನಿಮ್ಮ ಮನೆಯ ಕತೆಯೇ: ಸಿನಿಮಾ ಅಕ್ಕನಿಗೋ ಅಣ್ಣನಿಗೋ ಹಾಕಿದ್ದು, ಹೆದರಿದ್ದು ಚಿಕ್ಕದು.

ಆರು ವರ್ಷದವನೂ ಹನ್ನೆರಡರವಳೂ ಒಂದೇ ಪರದೆ ನೋಡಿದರೂ ಹೆದರುವುದು ಬೇರೆ ಬೇರೆ ವಸ್ತುಗಳಿಗೆ. ಇದನ್ನು ಬಹಳ ಕಾಲ ಕೂತು ಅಧ್ಯಯನ ಮಾಡಿದವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆ್ಯನ್ ಕ್ಯಾಂಟರ್. ಚಿಕ್ಕ ಮಕ್ಕಳು ಹೆದರುವುದು ಕಣ್ಣಿಗೆ ಕಾಣುವ ರೂಪಕ್ಕೆ. ವಿಕಾರವಾಗಿದ್ದರೆ ಕೆಟ್ಟದ್ದು, ಅಷ್ಟೆ. ಎಪ್ಪತ್ತರ ದಶಕದ ಕೊನೆಯಲ್ಲಿ ಹಲ್ಕ್ ಟಿವಿ ಧಾರಾವಾಹಿ ಅಮೆರಿಕದಲ್ಲಿ ಭಾರಿ ಜನಪ್ರಿಯ. ಒಬ್ಬ ಸಾಧು ಮನುಷ್ಯ ಸಿಟ್ಟು ಬಂದಾಗ ಅಂಗಿ ಹರಿದುಕೊಂಡು ಹಸಿರು ದೈತ್ಯನಾಗುತ್ತಾನೆ, ಆಗಿ ಒಳ್ಳೆಯವರನ್ನೇ ಕಾಪಾಡುತ್ತಾನೆ. ದೊಡ್ಡ ಮಕ್ಕಳಿಗೆ ಅವನು ಹೀರೊ. ಮೂರು ನಾಲ್ಕು ವರ್ಷದ ಮಕ್ಕಳು ಮಾತ್ರ ಕಿರುಚಿಕೊಂಡು ಓಡುತ್ತಿದ್ದವು. ಅವನು ಕಾಪಾಡುವುದು ಅವಕ್ಕೆ ಲೆಕ್ಕಕ್ಕೇ ಇಲ್ಲ. ಗೊತ್ತಿದ್ದ ಮುಖ ಕಣ್ಣೆದುರೇ ಗೊತ್ತಿಲ್ಲದ ಮುಖ ಆಯಿತಲ್ಲ, ಅದೇ ಸಂಕಟ.

ದೊಡ್ಡವರಾಗುತ್ತಾ ಹೆದರಿಕೆ ರೂಪ ಬಿಟ್ಟು ಸಾಧ್ಯತೆಯ ಕಡೆ ಹೊರಳುತ್ತದೆ. ಹನ್ನೆರಡರ ಹುಡುಗಿಗೆ ಹಸಿರು ದೈತ್ಯನೂ ಕೊಂಬಿನ ರಾಕ್ಷಸನೂ ನಗು. ಆದರೆ ಬೀಗ ಮುರಿದು ಒಳಗೆ ಬರುವ ಮನುಷ್ಯ ನಗುವಲ್ಲ, ಯಾಕೆಂದರೆ ಅಂಥವನು ನಿಜಕ್ಕೂ ಇರಬಹುದು. 'ಅದು ಸುಳ್ಳು ಕಣೋ, ಬರೀ ಸಿನಿಮಾ' ಎಂಬ ಸಮಾಧಾನ ದೊಡ್ಡ ಮಕ್ಕಳಿಗೆ ನಾಟುತ್ತದೆ, ಪುಟ್ಟವರಿಗೆ ನಾಟುವುದಿಲ್ಲ. ಪುಟ್ಟವರಿಗೆ ಬೇಕಾದದ್ದು ಕೈ ಹಿಡಿಯಲು ಒಂದು ಕೈ, ಅಪ್ಪಿಕೊಳ್ಳಲು ಒಂದು ಗೊಂಬೆ, ಬಾಯಿಗೆ ಏನಾದರೂ. ನಿಮ್ಮವನಿಗೆ ಆರು, ಪುಟ್ಟವನೂ ಅಲ್ಲದ ದೊಡ್ಡವನೂ ಅಲ್ಲದ ನಡುವಿನ ವಯಸ್ಸು. ಹಗಲು ಹೊತ್ತು 'ದೆವ್ವ ಇಲ್ಲ' ಅಂತ ಅವನೇ ನಿಮಗೆ ಪಾಠ ಹೇಳುತ್ತಾನೆ, ರಾತ್ರಿ ಆದಮೇಲೆ ಮೂರು ವರ್ಷದವನಾಗುತ್ತಾನೆ.

ಇಲ್ಲಿ ಒಂದು ಹಳೆಯ ಪ್ರಸಂಗ ಹೇಳಬೇಕು, ನನಗೆ ಬಹಳ ಇಷ್ಟವಾದದ್ದು. 1939ರ 'ದಿ ವಿಝರ್ಡ್ ಆಫ್ ಆಝ್' ಸಿನಿಮಾದಲ್ಲಿ ಹಸಿರು ಮುಖದ ಮಾಟಗಾತಿಯ ಪಾತ್ರ ಮಾಡಿದವರು ಮಾರ್ಗರೆಟ್ ಹ್ಯಾಮಿಲ್ಟನ್. ನಟಿಯಾಗುವ ಮುಂಚೆ ಅವರು ಶಿಶುವಿಹಾರದ ಟೀಚರ್ ಆಗಿದ್ದವರು! ಐವತ್ತರ ದಶಕದಿಂದ ಆ ಸಿನಿಮಾ ಟಿವಿಯಲ್ಲಿ ಬರತೊಡಗಿ ಅಮೆರಿಕದ ಎರಡು ಮೂರು ತಲೆಮಾರು ಮಕ್ಕಳು ಆಕೆಯನ್ನು ಕಂಡು ಸೋಫಾ ಹಿಂದೆ ಅಡಗಿದ್ದಾರೆ. 1975ರಲ್ಲಿ ಫ್ರೆಡ್ ರಾಜರ್ಸ್ ಎಂಬವರು ಮಕ್ಕಳಿಗಾಗಿ ನಡೆಸುತ್ತಿದ್ದ ಟಿವಿ ಕಾರ್ಯಕ್ರಮಕ್ಕೆ ಆಕೆಯನ್ನು ಕರೆಸಿದರು. ಬಂದದ್ದು ಸಾದಾ ಉಡುಪಿನ ಒಬ್ಬ ನಗುಮುಖದ ಅಜ್ಜಿ. ಆಮೇಲೆ ಕ್ಯಾಮೆರಾ ಮುಂದೆಯೇ ಮಾಟಗಾತಿಯ ಕಪ್ಪು ಉಡುಪನ್ನು ಒಂದೊಂದಾಗಿ ತೊಟ್ಟುಕೊಂಡು, ಕೊನೆಗೆ ಟೋಪಿ ಇಟ್ಟುಕೊಂಡು, ಇದೆಲ್ಲ ವೇಷ, ನಿಮ್ಮ ಆಟದ ಹಾಗೆಯೇ ಎಂದು ವಿವರಿಸಿದರು. ಮರುವರ್ಷ, 1976ರಲ್ಲಿ, ಆಕೆ 'ಸೆಸಮಿ ಸ್ಟ್ರೀಟ್' ಎಂಬ ಇನ್ನೊಂದು ಮಕ್ಕಳ ಕಾರ್ಯಕ್ರಮಕ್ಕೂ ಬಂದರು, ಈ ಸಲ ಪೂರ್ತಿ ಮಾಟಗಾತಿಯಾಗಿ. ಮಕ್ಕಳು ಹೆದರಿ ಅತ್ತರೆಂದು ತಾಯ್ತಂದೆಯರಿಂದ ಎಷ್ಟು ದೂರು ಬಂತೆಂದರೆ ಆ ಕಂತನ್ನು ಮತ್ತೆ ಪ್ರಸಾರ ಮಾಡಲೇ ಇಲ್ಲ. ಅದೇ ನಟಿ, ಅದೇ ಟೋಪಿ. ಒಂದು ಕಡೆ ವೇಷ ಕಟ್ಟುವುದನ್ನು ಮಕ್ಕಳು ನೋಡಿದ್ದರು, ಇನ್ನೊಂದು ಕಡೆ ನೋಡಿರಲಿಲ್ಲ.

ನಾನು ದಕ್ಷಿಣ ಕನ್ನಡದವಳು, ಇದನ್ನು ಓದಿದಾಗ ನನಗೆ ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ನೆನಪಾಯಿತು. ಬಣ್ಣದ ವೇಷದ ರಾಕ್ಷಸ ಅಬ್ಬರಿಸುತ್ತಾ ಬಂದನೆಂದರೆ ನಾನು ಅಜ್ಜನ ಶಾಲಿನೊಳಗೆ. ಒಂದು ವರ್ಷ ಅಜ್ಜ ಆಟ ಶುರುವಾಗುವ ಮೊದಲೇ ಕೈ ಹಿಡಿದು ಚೌಕಿಗೆ ಕರೆದುಕೊಂಡು ಹೋದರು. ಕನ್ನಡಿ ಮುಂದೆ ಕೂತ ಒಬ್ಬರು ಅಕ್ಕಿಹಿಟ್ಟಿನ ಚಿಟ್ಟಿಯನ್ನು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಇಟ್ಟುಕೊಳ್ಳುತ್ತಿದ್ದರು. ಮಧ್ಯೆ ತುಟಿ ಅಲ್ಲಾಡಿಸದೆ, ಹಲ್ಲಿನ ಸಂದಿಯಿಂದಲೇ, 'ಚಾ ತಗೊಂಡ್ರಾ?' ಅಂತ ಅಜ್ಜನನ್ನು ಕೇಳಿದರು. ಆ ರಾತ್ರಿಯೂ ರಾಕ್ಷಸ ಬಂದಾಗ ನಾನು ಹೆದರಿದೆ. ಆದರೆ ಶಾಲಿನೊಳಗೆ ಹೋಗಲಿಲ್ಲ. ಹೆದರಿಕೆ ರುಚಿಯಾಗತೊಡಗಿದ್ದು ಆವತ್ತು.

ರುಚಿ ಅಂತ ಸುಮ್ಮನೆ ಅನ್ನುತ್ತಿಲ್ಲ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದವರು ಭಯದ ಮನೆಯೊಂದಕ್ಕೆ, ಅಂದರೆ ದುಡ್ಡು ಕೊಟ್ಟು ಹೆದರಲು ಹೋಗುವ ಜಾಗಕ್ಕೆ, ಬಂದ 110 ಜನರಿಗೆ ಎದೆಬಡಿತ ಅಳೆಯುವ ಯಂತ್ರ ಕಟ್ಟಿ ನೋಡಿದರು. 2020ರಲ್ಲಿ ಅದರ ಫಲಿತಾಂಶ ಬಂತು. ಹೆದರಿಕೆ ತೀರಾ ಕಡಿಮೆಯಾದರೂ ಜನಕ್ಕೆ ಮಜಾ ಬರಲಿಲ್ಲ, ತೀರಾ ಹೆಚ್ಚಾದರೂ ಬರಲಿಲ್ಲ. ನಡುವೆ ಎಲ್ಲೋ ಒಂದು ಹದ ಇತ್ತು. ಸಾರಿಗೆ ಉಪ್ಪು ಹಾಕಿದ ಹಾಗೆ. ನಿಮ್ಮ ಮನೆಯ ಪೇಚು ಇರುವುದೂ ಅಲ್ಲೇ: ಒಂದೇ ಪಾತ್ರೆಯ ಸಾರು, ಇಬ್ಬರು ಮಕ್ಕಳಿಗೆ ಎರಡು ಹದ. ಮಗಳ ಹದಕ್ಕೆ ಹಾಕಿದರೆ ಮಗನಿಗೆ ಉಪ್ಪುಪ್ಪು.

ಇನ್ನು ನಿಮ್ಮವರ ಮಾತು, ನೋಡ್ತಾ ನೋಡ್ತಾ ಭಯ ಹೋಗುತ್ತೆ ಅನ್ನುವುದು. ಅರ್ಧ ನಿಜ. ಮಗು ತಾನಾಗಿ ಒಂದು ಹೆಜ್ಜೆ ಮುಂದಿಟ್ಟು, ಬೇಡ ಅನಿಸಿದಾಗ ಹಿಂದೆ ಬರುವ ಹಾಗಿದ್ದರೆ ಭಯ ಕರಗುತ್ತದೆ. ನಾವು ಚಿಕಿತ್ಸೆಯಲ್ಲಿ ಮಾಡುವುದೂ ಇದನ್ನೇ. ಆದರೆ ಯಾರೋ ಹಿಡಿದು ಕೂರಿಸಿ ನೋಡಿಸಿದರೆ ಕರಗುವುದಿಲ್ಲ, ಗಟ್ಟಿಯಾಗುತ್ತದೆ. ಕ್ಯಾಂಟರ್ ಮತ್ತು ಅವರ ಸಹೋದ್ಯೋಗಿಯೊಬ್ಬರು ಮಿಷಿಗನ್, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಕೇಳಿ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಿಕ್ಕಂದಿನಲ್ಲೋ ಹದಿಹರೆಯದಲ್ಲೋ ನೋಡಿದ ಯಾವುದೋ ಸಿನಿಮಾ ಅಥವಾ ಟಿವಿ ಕಾರ್ಯಕ್ರಮ ಬಹಳ ದಿನ ಕಾಡಿತ್ತು ಅಂದವರು ನೂರಕ್ಕೆ ಸುಮಾರು 90. ಅದರ ಅಳುಕು ಈಗಲೂ ಉಳಿದಿದೆ ಅಂದವರು ಸುಮಾರು ನಾಲ್ಕರಲ್ಲೊಬ್ಬರು. 'ಗಂಡುಹುಡುಗ ಹೆದರಬಾರದು' ಅನ್ನುವ ಮಾತಂತೂ ಆ ರಾತ್ರಿ ನಿಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು. ಹೆದರಿದ್ದನ್ನು ಹೇಳಿಕೊಳ್ಳದ ಹುಡುಗ ಶವರ್ ಪರದೆ ಸರಿಸುತ್ತಲೇ ಇರುತ್ತಾನೆ.

ಅಮೆರಿಕದ ಸಿನಿಮಾ ದರ್ಜೆಯ ಅಕ್ಷರಗಳನ್ನು ನೋಡಿ ಧೈರ್ಯ ಮಾಡಬೇಡಿ. ನಾನು ಮಾಡಿ ಕೆಟ್ಟಿದ್ದೇನೆ. ಮಗಳಿಗೆ ಏಳು ವರ್ಷ ಆಗಿದ್ದಾಗ ಇಂಥದ್ದೇ ಒಂದು ಅಕ್ಟೋಬರ್ ರಾತ್ರಿ 1982ರ 'ಪೋಲ್ಟರ್‌ಗೈಸ್ಟ್' ಹಾಕಿದೆ. ಡಬ್ಬಿಯ ಮೇಲೆ ಪಿಜಿ ಅಂತ ಇತ್ತು, ಅಂದರೆ ತಾಯ್ತಂದೆ ಜೊತೆಗಿದ್ದರೆ ಸಾಕು ಅಂದುಕೊಂಡೆ. ಅದರಲ್ಲಿ ಮಂಚದ ಎದುರು ಕುರ್ಚಿಯಲ್ಲಿ ಒಂದು ಜೋಕರ್ ಗೊಂಬೆ ಕೂತಿರುತ್ತದೆ, ಹುಡುಗ ಅದರ ಮುಖ ನೋಡಲಾರದೆ ಅದರ ಮೇಲೆ ಜಾಕೆಟ್ ಎಸೆಯುತ್ತಾನೆ. ಮುಂದಿನ ಎರಡು ತಿಂಗಳು ನನ್ನ ಮಗಳು ಮಲಗುವ ಮುಂಚೆ ಕಪಾಟಿನ ಮೇಲಿದ್ದ ಚನ್ನಪಟ್ಟಣದ ಬೊಂಬೆಗಳ ಮೇಲೆ ಸ್ವೆಟರ್ ಹೊದಿಸುತ್ತಿದ್ದಳು. ಪಾಪ ಆ ದುಂಡುಕಣ್ಣಿನ ರಾಜ ರಾಣಿ ಏನು ತಪ್ಪು ಮಾಡಿದ್ದವು? ಮಕ್ಕಳ ಮನಶ್ಶಾಸ್ತ್ರ ಓದಿದವಳ ಮನೆಯಲ್ಲೇ ಹೀಗೆ. ಆಮೇಲೆ ತಿಳಿದುಕೊಂಡೆ: ಅಲ್ಲಿ ಈ ದರ್ಜೆಗಳು ಬಂದದ್ದು 1968ರ ನವೆಂಬರಿನಲ್ಲಿ, ಹದಿಮೂರಕ್ಕಿಂತ ಚಿಕ್ಕವರ ವಿಷಯದಲ್ಲಿ ಎಚ್ಚರಿಸುವ ಪಿಜಿ-13 ಎಂಬ ನಡುವಿನ ಮೆಟ್ಟಿಲು ಸೇರಿದ್ದು 1984ರ ಜುಲೈನಲ್ಲಿ. ಆ ವರ್ಷ ಬಂದ 'ಗ್ರೆಮ್ಲಿನ್ಸ್' ಮತ್ತು ಇಂಡಿಯಾನಾ ಜೋನ್ಸ್ ಸರಣಿಯ ಎರಡನೇ ಸಿನಿಮಾ ಎರಡೂ ಪಿಜಿ. ಮಕ್ಕಳನ್ನು ಕರೆದುಕೊಂಡು ಹೋದವರು ಸಿಟ್ಟಾಗಿ ಗಲಾಟೆ ಎಬ್ಬಿಸಿದ ಮೇಲೆ ಆ ಮೆಟ್ಟಿಲು ಬಂತು. ಹಾಗಾಗಿ 1984ಕ್ಕೆ ಮುಂಚಿನ ಸಿನಿಮಾದ ಮೇಲೆ ಪಿಜಿ ಅಂತಿದ್ದರೆ ಅದರೊಳಗೆ ಏನು ಬೇಕಾದರೂ ಇರಬಹುದು. ಮನುಷ್ಯರನ್ನು ತಿನ್ನುವ ಶಾರ್ಕಿನ ಕತೆಯಾದ 1975ರ 'ಜಾಸ್'ಗೂ ಪಿಜಿಯೇ!

ಈ ವರ್ಷ ರಾತ್ರಿಯನ್ನು ಎರಡು ಮಾಡಿ. ಮೊದಲ ಆಟ ಮಗನದ್ದು. ಕ್ಯಾಂಡಿ ಎಣಿಸಿ ಮುಗಿದಮೇಲೆ, ದೀಪ ಹಾಕಿಕೊಂಡೇ, ಎಲ್ಲರೂ ಕೂತು ನೋಡುವುದು, ಅತ್ತೆಯವರೂ ಸೇರಿ. ರಿಮೋಟ್ ಅವನ ಕೈಯಲ್ಲಿ. ಬೇಡ ಅನಿಸಿದಾಗ ಅವನೇ ನಿಲ್ಲಿಸಬಹುದು, ಯಾರೂ ಕೇಳುವ ಹಾಗಿಲ್ಲ. ಮೊದಲ ಹತ್ತು ನಿಮಿಷ ಸುಮ್ಮಸುಮ್ಮನೆ ಹತ್ತು ಸಲ ನಿಲ್ಲಿಸುತ್ತಾನೆ, ಮಗಳು ಗೊಣಗುತ್ತಾಳೆ, ತಡೆದುಕೊಳ್ಳಿ. ಕೈಯಲ್ಲಿ ಬ್ರೇಕ್ ಇದೆ ಅಂತ ಖಾತ್ರಿಯಾದ ಮೇಲೆ ಅವನು ಅದನ್ನು ಒತ್ತುವುದು ಬಿಡುತ್ತಾನೆ.

ಅವನಿಗೆ ಹಾಕಲು ನನ್ನ ಮೊದಲ ಆಯ್ಕೆ ಚಾರ್ಲಿ ಬ್ರೌನ್ ಕಾರ್ಟೂನಿನ 'ಗ್ರೇಟ್ ಪಂಪ್ಕಿನ್'. 1966ರ ಅಕ್ಟೋಬರ್ 27ರಂದು ಮೊದಲ ಸಲ ಟಿವಿಯಲ್ಲಿ ಬಂದದ್ದು, ಅರ್ಧ ಗಂಟೆಯೂ ಇಲ್ಲ. ಲೈನಸ್ ಎಂಬ ಹುಡುಗ ಕುಂಬಳಕಾಯಿ ತೋಟದಲ್ಲಿ ರಾತ್ರಿಯಿಡೀ ಮಹಾ ಕುಂಬಳಕಾಯಿಗಾಗಿ ಕಾಯುತ್ತಾನೆ. ಕತ್ತಲಲ್ಲಿ ಏನೋ ಮೇಲೇಳುತ್ತದೆ, ಇವನು ಮೂರ್ಛೆ ಬೀಳುತ್ತಾನೆ, ನೋಡಿದರೆ ಅದು ನಾಯಿ! ಆರು ವರ್ಷಕ್ಕೆ ಇದಕ್ಕಿಂತ ಚೊಕ್ಕವಾದ ಹೆದರಿಕೆ ಬೇಡ, ಹುಟ್ಟಿದ ಹತ್ತು ಸೆಕೆಂಡಿನಲ್ಲಿ ನಗುವಾಗುತ್ತದೆ. ಇನ್ನೂ ಬೇಕು ಅಂದರೆ 2012ರ 'ಹೋಟೆಲ್ ಟ್ರಾನ್ಸಿಲ್ವೇನಿಯಾ'. ಅದರಲ್ಲಿ ಡ್ರಾಕುಲನೇ ಮನುಷ್ಯರಿಗೆ ಹೆದರಿ ಹೋಟೆಲ್ ಕಟ್ಟಿಕೊಂಡಿದ್ದಾನೆ. ಕಾರ್ಟೂನ್ ತಾನೆ ಅಂತ 2009ರ 'ಕೋರಲೈನ್' ಮಾತ್ರ ಹಾಕಬೇಡಿ. ಅಮ್ಮನ ಹಾಗೇ ಇರುವ, ಆದರೆ ಕಣ್ಣಿನ ಜಾಗದಲ್ಲಿ ಗುಂಡಿ ಹೊಲಿದುಕೊಂಡ ಇನ್ನೊಬ್ಬ ಅಮ್ಮ ಅದರಲ್ಲಿ ಬರುತ್ತಾಳೆ. ಆರು ವರ್ಷದವನಿಗೆ ಅಮ್ಮ ಅಮ್ಮನಲ್ಲದೆ ಹೋಗುವುದಕ್ಕಿಂತ ದೊಡ್ಡ ದೆವ್ವ ಇನ್ನೊಂದಿಲ್ಲ.

ಎರಡನೇ ಆಟ ಮಗಳದ್ದು, ತಮ್ಮ ಮಲಗಿದ ಮೇಲೆ. ಅವಳನ್ನೇ ಕೇಳಿ ಆರಿಸಿ, ಆದರೆ ನೀವಿಬ್ಬರಲ್ಲಿ ಒಬ್ಬರು ಮೊದಲೇ ನೋಡಿರಬೇಕು. 'ಜಾಸ್' ನಡೆದೀತು. ಒಂದು ಗಂಟೆ ಮೀರಿದರೂ ಶಾರ್ಕ್ ಪೂರ್ತಿ ಕಾಣಿಸುವುದೇ ಇಲ್ಲ, ಯಂತ್ರದ ಶಾರ್ಕ್ ಕೈಕೊಟ್ಟಿತ್ತು ಅನ್ನುವುದು ಅದರ ಹಿಂದಿನ ಗುಟ್ಟು. ಮುಂದಿನ ಬೇಸಿಗೆ ಸಮುದ್ರಕ್ಕೆ ಇಳಿಯಲ್ಲ ಅಂದರೆ ನನ್ನನ್ನು ಬೈಯಬೇಡಿ. 2018ರ 'ಎ ಕ್ವೈಯೆಟ್ ಪ್ಲೇಸ್' ಪಿಜಿ-13, ರಕ್ತ ಕಡಿಮೆ, ಗೆಳತಿಯರೆಲ್ಲ ನೋಡಿರುತ್ತಾರೆ. ಆದರೂ ನಿಮ್ಮ ಮನೆಗೆ ಬೇಡ ಅನ್ನುತ್ತೇನೆ. ಸದ್ದು ಕೇಳಿದರೆ ಬಂದು ಕೊಲ್ಲುವ ರಾಕ್ಷಸರ ಕತೆ ಅದು. ಅಕ್ಕ ಪ್ರೀತಿಯಿಂದ ಕೈಗಿಟ್ಟ ಒಂದು ಆಟಿಕೆಯ ಸದ್ದಿನಿಂದಾಗಿ ಪುಟ್ಟ ತಮ್ಮ ಸಾಯುತ್ತಾನೆ, ಅಕ್ಕ ಆ ಹೊರೆ ಹೊತ್ತೇ ಇರುತ್ತಾಳೆ. ಪುಟ್ಟ ತಮ್ಮ ಇರುವ ಹನ್ನೆರಡರ ಹುಡುಗಿಗೆ ಅದು ರಾಕ್ಷಸನಿಗಿಂತ ಆಳಕ್ಕೆ ಇಳಿಯುತ್ತದೆ. ಸಿನಿಮಾದ ದರ್ಜೆ ಇಂಥದ್ದನ್ನು ಹೇಳುವುದಿಲ್ಲ, ಮಗುವನ್ನು ಬಲ್ಲವರಿಗೆ ಮಾತ್ರ ಗೊತ್ತಾಗುವ ವಿಷಯ ಇದು. 1978ರ 'ಹ್ಯಾಲೋವೀನ್' ಬೇಕೇ ಬೇಕು ಅಂತ ಹಟ ಹಿಡಿದರೆ ಇನ್ನು ನಾಲ್ಕೈದು ವರ್ಷ ತಡಿ ಅನ್ನಿ. ಸಮಾಧಾನಕ್ಕೆ ಅದನ್ನು ತೆಗೆದ ಕತೆ ಹೇಳಿ: ಕೊಲೆಗಾರನ ಆ ಬಿಳಿ ಮುಖವಾಡ 'ಸ್ಟಾರ್ ಟ್ರೆಕ್' ಟಿವಿ ಧಾರಾವಾಹಿಯ ನಾಯಕ ಕ್ಯಾಪ್ಟನ್ ಕರ್ಕ್ ಮುಖವಾಡ, ಅಂಗಡಿಯಿಂದ ತಂದು ಬಿಳಿ ಬಣ್ಣ ಹೊಡೆದದ್ದು. ಶೂಟಿಂಗ್ ಆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಅಕ್ಟೋಬರಿನ ಒಣ ಎಲೆಗಳನ್ನು ಬಣ್ಣ ಬಳಿದು ಹರಡಿ, ಶಾಟ್ ಮುಗಿದಮೇಲೆ ಗುಡಿಸಿ ತುಂಬಿಟ್ಟುಕೊಂಡು, ಮತ್ತೆ ಹರಡುತ್ತಿದ್ದರಂತೆ.

ವೇಷ ಕಟ್ಟುವ ಕೆಲಸವನ್ನು ಮಗನ ಕೈಗೂ ಕೊಡಿ, ನಿಮ್ಮ ಮನೆಯಲ್ಲೇ ಒಂದು ಚೌಕಿ. ಹ್ಯಾಲೋವೀನಿಗೆ ಎರಡು ದಿನ ಮುಂಚೆ ಕಾರ್ನ್ ಸಿರಪ್ಪಿಗೆ ಕೆಂಪು ಬಣ್ಣ ಬೆರೆಸಿ ರಕ್ತ ಮಾಡಿಸಿ, ಅಪ್ಪನ ಕೈಗೆ ಗಾಯ ಬರೆಯಲಿ, ಆಮೇಲೆ ಬೆರಳು ನೆಕ್ಕಲಿ. 1960ರ 'ಸೈಕೋ' ಕಪ್ಪುಬಿಳುಪು ಸಿನಿಮಾ, ಅದರಲ್ಲಿ ರಕ್ತ ಅಂತ ಹರಿದದ್ದು ಚಾಕೊಲೇಟ್ ಸಿರಪ್ ಅಂತ ಹೇಳಿದರೆ ನಿಮ್ಮವನು ಒಂದು ವಾರ ಅದನ್ನೇ ಹೇಳಿಕೊಂಡು ತಿರುಗುತ್ತಾನೆ. ಶಬ್ದದ ಆಟವನ್ನೂ ಆಡಿ ನೋಡಿ. ಹೆದರಿಸುವ ಜಾಗದಲ್ಲಿ ಮ್ಯೂಟ್ ಒತ್ತಿ ಅರ್ಧ ನಿಮಿಷ ನೋಡಿ. ಸಂಗೀತ ಹೋಯಿತೆಂದರೆ ದೆವ್ವದ ಅರ್ಧ ಜೀವ ಹೋಯಿತು.

ಅತ್ತೆಯವರ ಮಾತನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಆಕೆ ಹೇಳುತ್ತಿರುವುದು ಹೊತ್ತಿನ ಬಗ್ಗೆ, ಹೊತ್ತಿನ ವಿಷಯದಲ್ಲಿ ಆಕೆ ಸರಿ. ಮಲಗುವ ಮುಂಚಿನ ಅರ್ಧ ಗಂಟೆಯಲ್ಲಿ ನೋಡಿದ್ದು ಪುಟ್ಟ ಮಕ್ಕಳ ಜೊತೆ ಹಾಸಿಗೆಗೂ ಬರುತ್ತದೆ. ದೀಪ ಹಚ್ಚುವುದು ಮುಗಿಯಲಿ, ಆಮೇಲೆ ಹಬ್ಬ ಶುರುವಾಗಲಿ. ಇದು ದೆವ್ವದ ಪೂಜೆ ಅಲ್ಲ, ನವೆಂಬರ್ 1 ಕ್ರೈಸ್ತರ ಸಂತರ ದಿನ, 2 ತೀರಿಕೊಂಡವರ ದಿನ, ಸಂತರ ದಿನದ ಹಿಂದಿನ ಸಂಜೆ ಇದು, ಐರ್ಲೆಂಡಿನವರು ವಲಸೆ ಬರುವಾಗ ತಂದದ್ದು ಅಂತ ಹೇಳಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟವರಿಗೆ ಇದು ಅರ್ಥವಾಗದ ಮಾತಲ್ಲ. 2024ರಲ್ಲಂತೂ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಿತ್ತು, ಅಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಬೆಳಗ್ಗೆ ಎಣ್ಣೆನೀರು, ಸಂಜೆ ಕ್ಯಾಂಡಿ.

ಆಮೇಲೆ ಆಕೆಯನ್ನು ಒಂದು ಕತೆ ಕೇಳಿ. ತೊಂಬತ್ತರ ದಶಕದಲ್ಲಿ ಬೆಂಗಳೂರು ಕಡೆ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದದ್ದು ಆಕೆಗೆ ನೆನಪಿರುತ್ತದೆ. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ 'ನಾಳೆ ಬಾ'. ಅಕ್ಷರ ಬಲ್ಲ, ಆದರೆ ಬುದ್ಧಿ ಸಾಲದ ದೆವ್ವ! ಆರು ವರ್ಷದವನಿಗೆ ಇದು ಹೇಳಿ ಮಾಡಿಸಿದ ಕತೆ. ಸಿನಿಮಾದ ದೆವ್ವ ನಿರ್ದೇಶಕ ಮಾಡಿದಷ್ಟು ದೊಡ್ಡದು, ಅಜ್ಜಿ ಕತೆಯ ದೆವ್ವ ಮಗು ತಲೆಯಲ್ಲಿ ಬಿಡಿಸಿಕೊಂಡಷ್ಟೇ ದೊಡ್ಡದು. ಮಗಳ ಜೊತೆ ಆಕೆ 'ಆಪ್ತಮಿತ್ರ' ನೋಡಿದರೂ ಚೆನ್ನ. 2004ರದ್ದು, ಕಡೆಗೆ ಅಲ್ಲಿರುವುದು ದೆವ್ವವಲ್ಲ, ಒಬ್ಬಳ ಮನಸ್ಸಿನ ಕಾಯಿಲೆ. ಮನೋವೈದ್ಯನೇ ಹೀರೊ ಆದದ್ದು ನನ್ನಂಥವರಿಗೆ ಖುಷಿ, ಅದರ ಚಿಕಿತ್ಸಾಕ್ರಮದ ಬಗ್ಗೆ ನನ್ನನ್ನು ಕೇಳಬೇಡಿ. ಮಗನಿಗೆ ಅದು ಈಗಲೇ ಬೇಡ. ಸೌಂದರ್ಯ ಗಂಗಾ ಆಗಿದ್ದವಳು ನಾಗವಲ್ಲಿಯಾಗಿ ತಿರುಗುವುದು ಆ ಹಲ್ಕ್ ಸಂಕಟವೇ.

ಬಾತ್‌ರೂಮಿನ ವಿಷಯಕ್ಕೆ ಹಬ್ಬದವರೆಗೆ ಕಾಯಬೇಡಿ. ಶವರ್ ಪರದೆಯನ್ನು ಸಂಜೆಯೇ ಪೂರ್ತಿ ಸರಿಸಿ ಇಡಿ, ಒಂದು ಪುಟ್ಟ ಝೀರೋ ಬಲ್ಬ್ ಉರಿಯಲಿ. ಈ ವಾರ ನೀವು ಬಾಗಿಲಲ್ಲಿ ನಿಲ್ಲಿ, ಮುಂದಿನ ವಾರ ಹಜಾರದಲ್ಲಿ, ಆಮೇಲೆ ಅಡುಗೆಮನೆಯಿಂದ ಮಾತಾಡುತ್ತಾ ಇರಿ. ಯಾವಾಗ ಹಿಂದೆ ಸರಿಯಬೇಕೆಂದು ಅವನೇ ಹೇಳಲಿ. ಹೋದ ವರ್ಷ ನೋಡಿದ ಆ ಐದು ನಿಮಿಷದಲ್ಲಿ ಏನಿತ್ತು ಅಂತ ಒಂದು ಹಗಲು ಹೊತ್ತಿನಲ್ಲಿ ಕೇಳಿ, ಚಿತ್ರ ಬರೆಯಲಿ, ಆಮೇಲೆ ಆ ಕತೆ ಹೇಗೆ ಮುಗಿಯಿತು ಅಂತ ಅಕ್ಕನೇ ಅವನಿಗೆ ಹೇಳಲಿ. ಇಷ್ಟಾದರೂ ನಿದ್ದೆ ಕೆಡುತ್ತಿದ್ದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಶಾಲೆಗೆ ಹೋಗಲಾರೆ ಅಂದರೆ ನಿಮ್ಮ ಮಕ್ಕಳ ಡಾಕ್ಟರರಿಗೆ ಹೇಳಿ.

ಎರಡನೇ ಆಟಕ್ಕೆ ಕೂರುವ ಮುಂಚೆ ಮಗಳ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ: ತಮ್ಮ ಎದ್ದು ಬಂದರೆ ಆವತ್ತಿಗೆ ಸಿನಿಮಾ ಅಲ್ಲಿಗೇ ನಿಂತಿತು, ಉಳಿದದ್ದು ನಾಳೆ. ಟಿವಿ ಆರಿಸಿ, 'ಯಾಕೋ ಎದ್ದೆ' ಅಂತ ಗದರದೆ, ಪಕ್ಕದಲ್ಲಿ ಜಾಗ ಮಾಡಿಕೊಡಿ, ಬಟ್ಟಲಲ್ಲಿ ಉಳಿದ ಪಾಪ್‌ಕಾರ್ನ್ ಕೊಡಿ. ಮೆಟ್ಟಿಲ ದೀಪ ಮಾತ್ರ ರಾತ್ರಿಯಿಡೀ ಉರಿಯಲಿ.